ಹೇಗೆ ಗೊತ್ತಾಯ್ತು?

ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ, ಬೆಲ್‌ಫೋರ್ಡ್ ಕಮ್ಯುನಿಟಿ ಕಾಲೇಜಿನ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಕೂತು, ನೋರೀನ್ ವಾಲ್ಚಾಕ್ ಒಬ್ಬ ಒಳ್ಳೆಯ ಹೆಂಗಸಿನ ತಲೆ ಕೆಡಿಸಿದಳು. ಬೇಕೆಂದು ಮಾಡಿದ್ದಲ್ಲ. ನಿಯಮದ ಪ್ರಕಾರ, ಅಚ್ಚುಕಟ್ಟಾಗಿ, ಕ್ಯಾಮೆರಾದ ಎದುರಿಗೇ ಮಾಡಿದಳು. ಬೇಕೆಂದು ಮಾಡಿದ್ದರೆ ಆ ಕೂಡಲೇ ಒಂದು ಕ್ಷಮೆಯನ್ನಾದರೂ ಕೇಳಬಹುದಿತ್ತು, ನಿಯಮದ ಪ್ರಕಾರ ಮಾಡಿದ ಕೇಡಿಗೆ ಅದಕ್ಕೂ ದಾರಿಯಿಲ್ಲ.

ನೋರೀನಳಿಗೆ ಅರವತ್ತೊಂದು. ಹತ್ತೊಂಬತ್ತು ವರ್ಷ ಇದೇ ಕಾಲೇಜಿನಲ್ಲಿ ಗಣಿತ ಕಲಿಸಿದವಳು. ಐದು ವರ್ಷದ ಹಿಂದೆ ನಿವೃತ್ತಿ ತೆಗೆದುಕೊಂಡು, ಮನೆಯಲ್ಲಿ ಕೂತು ಬೇಸತ್ತು, ವಿಶ್ವವಿದ್ಯಾಲಯದವರು ನಡೆಸುತ್ತಿದ್ದ ಒಂದು ಅಧ್ಯಯನಕ್ಕೆ ಸೇರಿಕೊಂಡಿದ್ದಳು. ಕಮ್ಯುನಿಟಿ ಕಾಲೇಜಿಗೆ ಬರುವವರೆಂದರೆ ಹೊತ್ತಿಗೆ ಸರಿಯಾಗಿ ಉಂಡು ಓದುವ ಮಕ್ಕಳಲ್ಲ. ಒಂದು ಕೈಯಲ್ಲಿ ಕೆಲಸ, ಇನ್ನೊಂದು ಕೈಯಲ್ಲಿ ಸಂಸಾರ, ಇಪ್ಪತ್ತು ವರ್ಷ ಬಿಟ್ಟು ಮತ್ತೆ ಪುಸ್ತಕ ಹಿಡಿದವರೇ ಹೆಚ್ಚು. ಇಂಥವರು ಬೀಜಗಣಿತದ ಲೆಕ್ಕ ಮಾಡುವಾಗ ತಲೆಯೊಳಗೆ ಏನು ಓಡುತ್ತದೆ ಎಂದು ತಿಳಿಯಬೇಕೆಂಬುದು ಆ ಅಧ್ಯಯನದ ಹಂಬಲ. ಒಬ್ಬೊಬ್ಬರನ್ನೇ ಕೂರಿಸಿ, ಐದು ಲೆಕ್ಕ ಕೊಟ್ಟು, ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಿಸಿ, ಅದನ್ನು ದಾಖಲಿಸುವುದು ನೋರೀನಳ ಕೆಲಸ.

ಆ ಕೆಲಸಕ್ಕೆ ಕಟ್ಟುನಿಟ್ಟಿನ ಕ್ರಮವಿತ್ತು. ಲೆಕ್ಕ ಮಾಡುವವರಿಗೆ ಪೆನ್ಸಿಲ್ ಕೊಡುವ ಹಾಗಿಲ್ಲ, ಪೆನ್ನೇ ಕೊಡಬೇಕು. ಪೆನ್ಸಿಲಿನದಾದರೆ ಅಳಿಸಿ ಹೋಗುತ್ತದೆ, ಪೆನ್ನಿನದನ್ನು ಹೊಡೆದು ಹಾಕಿದರೂ ಕೆಳಗೆ ಕಾಣುತ್ತಿರುತ್ತದೆ. ಉತ್ತರ ಸರಿಯೋ ತಪ್ಪೋ ಹೇಳಕೂಡದು. ಮುಖದಲ್ಲೂ ತೋರಿಸಕೂಡದು. ಪ್ರತಿ ಉತ್ತರ ಆದಮೇಲೆ, ಸರಿಯಿದ್ದರೂ ತಪ್ಪಿದ್ದರೂ, ಒಂದೇ ದನಿಯಲ್ಲಿ ಒಂದೇ ಪ್ರಶ್ನೆ: 'ಅದು ಹೇಗೆ ಗೊತ್ತಾಯ್ತು?' ಅಧ್ಯಯನದ ಯಜಮಾನ ಡಾಕ್ಟರ್ ಎರಿಕ್ ಲಿಂಡ್‌ಹೋಮ್ ಇದನ್ನು ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿ ಬನ್ನಿ ಎಂದಿದ್ದ. ನೋರೀನ್ ಮಾಡಿದ್ದಳು. ಮೂವತ್ತೆಂಟು ವರ್ಷದ ಹುಡುಗ ಹೇಳಿದನೆಂದು ಅರವತ್ತೊಂದರ ಮುದುಕಿ ಬಚ್ಚಲುಮನೆಯ ಕನ್ನಡಿ ಮುಂದೆ ಕಲ್ಲುಮುಖ ಮಾಡಿಕೊಂಡು ನಿಂತಿದ್ದಳು.

ಆ ಮಂಗಳವಾರ ಬಂದವಳು ರೋಂಡಾ ಪ್ರೂಯಿಟ್. ನಲವತ್ತೈದು ವರ್ಷ, ನೀಲಿ ಯೂನಿಫಾರಂ, ಕಾಲಿಗೆ ಬಿಳಿ ರಬ್ಬರ್ ಚಪ್ಪಲಿ. ಊರಾಚೆಯ ವೃದ್ಧಾಶ್ರಮದಲ್ಲಿ ಮುದುಕರನ್ನು ಎತ್ತಿ ಕೂರಿಸಿ, ತೊಳೆದು, ಉಣಿಸುವ ಆಯಾ ಕೆಲಸ. ನರ್ಸ್ ಆಗಬೇಕೆಂಬ ಆಸೆ. ನರ್ಸಿಂಗ್‌ಗೆ ಸೇರಬೇಕಾದರೆ ಬೀಜಗಣಿತದಲ್ಲಿ ಪಾಸಾಗಬೇಕು, ಮತ್ತು ಕಾಲೇಜು ಆ ಒಂದು ವಿಷಯಕ್ಕೆ ಮೂರೇ ಅವಕಾಶ ಕೊಡುತ್ತದೆ. ರೋಂಡಾಳ ಎರಡು ಮುಗಿದಿದ್ದವು. ಮೂರನೆಯದರ ಕೊನೆಯ ಪರೀಕ್ಷೆ ಗುರುವಾರ. ಇದರಲ್ಲಿ ಹೋಯಿತೆಂದರೆ ಬಾಗಿಲು ಮುಚ್ಚಿದಂತೆಯೇ.

"ಕೂತ್ಕೊಳ್ಲಾ ಮಿಸ್?" ಎಂದಳು. ನೋರೀನಳನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, ಕುರ್ಚಿಯ ತುದಿಯಲ್ಲಿ ಕೂತಳು. "ನನ್ನಂಥವಳ ತಲೆಯೊಳಗೆ ಏನಿರುತ್ತೆ ಅಂತ ನಿಮಗೆ ಬೇಕು, ನಾ ಕಾಣೆ. ಬರೀ ಗಾಳಿ."

"ಮನಸ್ಸಿಗೆ ಬಂದಿದ್ದನ್ನೆಲ್ಲ ಜೋರಾಗಿ ಹೇಳ್ತಾ ಹೋಗಿ, ಅಷ್ಟೇ," ಎಂದಳು ನೋರೀನ್.

"ಮನಸ್ಸಿಗೆ ಬಂದಿದ್ದನ್ನೆಲ್ಲ ಹೇಳಿದ್ರೆ ನೀವು ಕ್ಯಾಮೆರಾ ಆರಿಸ್ಬೇಕಾಗುತ್ತೆ."

ಇಬ್ಬರೂ ನಕ್ಕರು. ಅದೇ ಕೊನೆ, ಆಮೇಲೆ ನಗು ಬರಲಿಲ್ಲ.

ಮೊದಲನೆಯದು ಅಸಮತೆಯ ಲೆಕ್ಕ. "ಮೈನಸ್ ಮೂರು ಎಕ್ಸ್, ಹನ್ನೆರಡಕ್ಕಿಂತ ಕಮ್ಮಿ," ಎಂದು ರೋಂಡಾ ಓದಿಕೊಂಡಳು. "ಸರಿ. ಎರಡೂ ಕಡೆ ಮೈನಸ್ ಮೂರರಿಂದ ಭಾಗಿಸ್ಬೇಕು. ಮೈನಸ್‌ನಿಂದ ಭಾಗಿಸಿದ್ರೆ ಮೊಸಳೆ ತಿರುಗ್ಕೊಳ್ಳುತ್ತೆ ಅಂತಾರೆ ನಮ್ಮ ಕ್ಲಾಸಿನ ಗಸ್ ಸರ್. ಹಂಗಾಗಿ ಎಕ್ಸ್, ಮೈನಸ್ ನಾಲ್ಕಕ್ಕಿಂತ ಜಾಸ್ತಿ." ಹೆಚ್ಚು ಕಡಿಮೆಯ ಚಿಹ್ನೆ ಎಂದರೆ ಮೊಸಳೆಯ ಬಾಯಿ, ಅದು ಯಾವಾಗಲೂ ದೊಡ್ಡದರ ಕಡೆಗೇ ತೆರೆದಿರುತ್ತದೆ ಎಂದು ಒಂದನೇ ಕ್ಲಾಸಿನಲ್ಲಿ ಹೇಳಿಕೊಟ್ಟದ್ದು ಈ ದೇಶದಲ್ಲಿ ಮುಪ್ಪಿನವರೆಗೂ ಜೊತೆಗೆ ಬರುತ್ತದೆ.

ಉತ್ತರ ಸರಿಯಾಗಿತ್ತು. ಆ ಒಂದು ತಿರುವಿನಲ್ಲಿ ಅರ್ಧ ಕ್ಲಾಸು ಮುಗ್ಗರಿಸಿ ಬೀಳುತ್ತದೆ, ಇವಳು ಬೀಳಲಿಲ್ಲ. ನೋರೀನಳಿಗೆ ಒಳಗೊಳಗೇ ಖುಷಿಯಾಯಿತು. ಮುಖ ಮಾತ್ರ ಕಲ್ಲು.

"ಅದು ಹೇಗೆ ಗೊತ್ತಾಯ್ತು?"

ರೋಂಡಾಳ ಪೆನ್ನು ನಿಂತಿತು. ತಲೆಯೆತ್ತಿ ನೋರೀನಳ ಮುಖ ನೋಡಿದಳು. ಅಲ್ಲಿ ಏನೂ ಸಿಗಲಿಲ್ಲ.

"ಓ," ಎಂದಳು. ಕಿವಿ ಕೆಂಪಾಯಿತು. "ತಿರುಗಲ್ಲ ಅಲ್ವಾ? ಆ ಕಡೆ ಹನ್ನೆರಡು ಪ್ಲಸ್ ಇದೆಯಲ್ಲ. ಎರಡೂ ಕಡೆ ಮೈನಸ್ ಇದ್ರೆ ಮಾತ್ರ ತಿರುಗೋದು. ನನ್ ಬುದ್ಧಿಗಿಷ್ಟು." ಸರಿಯುತ್ತರದ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ತಪ್ಪುತ್ತರ ಬರೆದಳು. ದುಂಡಗೆ ಬರೆದಳು.

ನೋರೀನ್ ಮುಂದಿನ ಹಾಳೆ ತಿರುವಿದಳು.

ಎರಡನೆಯದರಲ್ಲೂ ಅದೇ ಕಥೆ. ಮೂರನೆಯದು ಔಷಧಿಯ ಲೆಕ್ಕ, ಐದು ಮಿಲಿಲೀಟರಿನಲ್ಲಿ ಇನ್ನೂರು ಮಿಲಿಗ್ರಾಂ ಇದ್ದರೆ ನೂರು ಮಿಲಿಗ್ರಾಂಗೆ ಎಷ್ಟು ಮಿಲಿಲೀಟರ್ ಎಂದು. ರೋಂಡಾ ಲೆಕ್ಕವನ್ನೂ ಮಾಡದೆ "ಎರಡೂವರೆ" ಎಂದು ಬರೆದಳು, ದಿನಾ ಕಣ್ಣೆದುರು ನಡೆಯುವ ವ್ಯವಹಾರ. 'ಹೇಗೆ ಗೊತ್ತಾಯ್ತು' ಎಂದದ್ದೇ ತಡ, ಗಾಬರಿಯಾಗಿ ಮೇಲಿನದ್ದು ಕೆಳಗೆ ಮಾಡಿ, ಭಾಗಿಸಬೇಕಾದಲ್ಲಿ ಗುಣಿಸಿ, ಹತ್ತು ಎಂದು ಬರೆದಳು. ನಾಲ್ಕು ಪಟ್ಟು ಔಷಧಿ. ನೋರೀನಳಿಗೆ ಮೇಜಿನ ಮೇಲೆ ಬಗ್ಗಿ ಆ ಕಾಗದವನ್ನು ಕಸಿದುಕೊಳ್ಳುವ ಹಾಗಾಯಿತು. ಕಸಿಯಲಿಲ್ಲ. ಐದು ಲೆಕ್ಕದಲ್ಲಿ ನಾಲ್ಕು ಮೊದಲು ಸರಿ ಮಾಡಿದ್ದಳು, ನಾಲ್ಕನ್ನೂ ಕೈಯಾರೆ ಹೊಡೆದು ಹಾಕಿದಳು.

ಏಳುವಾಗ ರೋಂಡಾಳ ಕಣ್ಣಲ್ಲಿ ನೀರಿತ್ತು, ಆದರೆ ಮಾತಿನಲ್ಲಿ ಉಪಕಾರವಿತ್ತು. ಅದೇ ನೋರೀನಳನ್ನು ಕೊಂದದ್ದು.

"ಒಳ್ಳೇದಾಯ್ತು ಮಿಸ್, ನೀವು ಕೇಳಿದ್ದು. ಇಲ್ದಿದ್ರೆ ಗುರುವಾರ ಇವೇ ತಪ್ಪು ಮಾಡಿ ಬರ್ತಿದ್ದೆ. ಇನ್ನೂ ಎರಡು ದಿನ ಇದೆ. ಇವತ್ತೇ ಕೂತು ಎಲ್ಲ ತಿದ್ಕೋತೀನಿ."

ನೋರೀನ್ ಬಾಯಿ ತೆರೆದಳು. ಹಾಳೆಯ ಕೊನೆಯಲ್ಲಿ ಹೇಳಬೇಕಾದ ಮಾತು ಅಚ್ಚಾಗಿತ್ತು. "ನಿಮ್ಮ ಸಮಯಕ್ಕೆ ಧನ್ಯವಾದ," ಎಂದು ಓದಿದಳು.

ರೋಂಡಾ ಹೋದ ಮೇಲೆ ನೋರೀನ್ ಕಾರಿನಲ್ಲಿ ಕೂತು ಎರಿಕ್‌ಗೆ ಫೋನ್ ಮಾಡಿದಳು. ನಡೆದದ್ದನ್ನೆಲ್ಲ ಹೇಳಿದಳು.

"ನಾಲ್ಕೂ ಬದಲಾಯಿಸಿದ್ರಾ?" ಎಂದ ಎರಿಕ್. ಆ ಕಡೆ ಕುರ್ಚಿ ಎಳೆದ ಸದ್ದು. "ಸರಿಯಿಂದ ತಪ್ಪಿಗೆ, ನಾಲ್ಕೂ? ನೋರೀನ್, ಇಷ್ಟು ಸ್ಪಷ್ಟವಾಗಿ ನಮಗೆ ಯಾರೂ ಸಿಕ್ಕಿರಲಿಲ್ಲ. ಪ್ರಬಂಧ ಇವರಿಂದಲೇ ಶುರು ಮಾಡ್ಬಹುದು."

"ಎರಿಕ್, ಆಕೆಗೆ ನಾಡಿದ್ದು ಪರೀಕ್ಷೆ. ತಪ್ಪನ್ನೇ ಸರಿ ಅಂದ್ಕೊಂಡು ಹೋಗಿದ್ದಾಳೆ. ನಾನು ಒಂದು ಮಾತು ಹೇಳಿದ್ರೆ ಸಾಕು."

"ಹೇಳೋ ಹಾಗಿಲ್ಲ. ಅದೇ ಕ್ಲಾಸಿನ ಮೂರು ಜನ ನಾಳೆ ಬರ್ತಾರೆ. ಬೇರೆ ಕಾಲೇಜುಗಳಲ್ಲೂ ಇದೇ ಹಾಳೆ ನಡೀತಿದೆ. ಸೆಮಿಸ್ಟರ್ ಮುಗಿಯೋವರೆಗೂ ಯಾರಿಗೂ ಉತ್ತರ ಹೇಳಲ್ಲ ಅಂತ ನಾವೇ ಬರೆದುಕೊಟ್ಟಿದ್ದೀವಿ. ಹೇಳಿದ್ರೆ ಆ ಸಂದರ್ಶನ ತೆಗೆದು ಹಾಕ್ಬೇಕು, ನೈತಿಕ ಸಮಿತಿಗೆ ನಾನು ವರದಿ ಮಾಡ್ಬೇಕು. ನಿಮ್ಮನ್ನ ಮುಂದಿನ ವರ್ಷ ಇಟ್ಕೊಳ್ಳೋದೂ ಕಷ್ಟ ಆಗುತ್ತೆ."

"ಅದೇ ಕಾಗದದಲ್ಲಿ ಇನ್ನೊಂದು ಮಾತೂ ಬರೆದುಕೊಟ್ಟಿದ್ದೀವಿ. ಇದರಿಂದ ನಿಮ್ಮ ಅಂಕಕ್ಕೆ ಏನೂ ತೊಂದ್ರೆ ಆಗಲ್ಲ ಅಂತ."

ಕೆಟ್ಟವನೇನಲ್ಲ ಎರಿಕ್. ಹತ್ತು ವರ್ಷ ಇದೇ ಜನರ ಪರವಾಗಿ ದೊಡ್ಡವರ ಹತ್ತಿರ ಬಡಿದಾಡಿದವನು. "ಅದು ಆಗುತ್ತೆ ಅಂತ ಹೇಗೆ ಹೇಳ್ತೀರಿ? ಅವರು ಪುಸ್ತಕ ನೋಡಿ ಸರಿ ಮಾಡ್ಕೋಬಹುದು. ಎರಡು ದಿನ ಬಿಟ್ಟು ಮರೆತೂ ಹೋಗ್ಬಹುದು. ಮಾಡ್ಬೇಡಿ, ನೋರೀನ್."

ಪುಸ್ತಕ ನೋಡುತ್ತಾಳಂತೆ. ಹಾಗೆ ನೋಡಿ ತಿದ್ದಿಕೊಳ್ಳುವ ಧೈರ್ಯ ಇದ್ದಿದ್ದರೆ ಅವಳು ಸರಿಯುತ್ತರವನ್ನು ಹೊಡೆದು ಹಾಕುತ್ತಿರಲೇ ಇಲ್ಲ. ಇದನ್ನು ನೋರೀನ್ ಫೋನ್ ಇಟ್ಟ ಮೇಲೆ ಕಾರಿನ ಗಾಜಿಗೆ ಹೇಳಿದಳು. ಸರಿಯಾದ ಮಾತು ಫೋನ್ ಇಟ್ಟ ಮೇಲೆಯೇ ಹೊಳೆಯುವುದು, ಎಲ್ಲರ ಹಣೆಬರಹವೂ ಅಷ್ಟೇ.

ಬುಧವಾರ ನೋರೀನ್ ಮೂರು ಸಂದರ್ಶನ ಮಾಡಿದಳು, ಮೂರರಲ್ಲೂ ಆ ಪ್ರಶ್ನೆ ಕೇಳುವಾಗ ನಾಲಿಗೆ ತೊದಲಿತು. ಮೂವರಲ್ಲಿ ಇಬ್ಬರು ಸರಿಯುತ್ತರ ಹೊಡೆದು ಹಾಕಿದರು. ಅವರಿಗೆ ಪಾಸಾಗುವಷ್ಟು ಅಂಕ ಮೊದಲೇ ಬಂದಿತ್ತು, ರೋಂಡಾಳ ಹಾಗೆ ಕತ್ತಿಯ ಅಲಗಿನ ಮೇಲೆ ನಿಂತವರಲ್ಲ. ಸಂದರ್ಶನ ಮುಗಿಸಿ ನೋರೀನ್ ಆ ಕ್ಲಾಸಿನ ಮೇಷ್ಟರು ಗಸ್ ಟೆಂಡಲ್‌ಗೆ ಫೋನ್ ಮಾಡಿದಳು. ಇಬ್ಬರೂ ಹಳೆಯ ಸಹೋದ್ಯೋಗಿಗಳು. ಗಸ್ ಕಾಯಂ ನೌಕರನಲ್ಲ, ಮೂರು ಊರಿನ ಮೂರು ಕಾಲೇಜಿನಲ್ಲಿ ಪಾಠ ಮಾಡಿ ಹೊಟ್ಟೆ ಹೊರೆಯುವವನು, ಅವನ ಅರ್ಧ ಆಯುಷ್ಯ ಕಾರಿನಲ್ಲೇ ಕಳೆದಿತ್ತು.

"ಏನಮ್ಮಾ ಸಂಶೋಧಕಿ," ಎಂದ ಗಸ್, ಬಾಯಲ್ಲಿ ಬರ್ಗರ್ ಇಟ್ಟುಕೊಂಡೇ. "ನನ್ನ ಕ್ಲಾಸಿನವರನ್ನ ಕರ್ಕೊಂಡು ಹೋಗಿ ಏನ್ ಮಾಟ ಮಾಡ್ತಿದ್ದೀಯ? ಹೋಗೋವಾಗ ಚೆನ್ನಾಗಿರ್ತಾರೆ, ಬರೋವಾಗ ಮಂಕು ಬಡಿದಿರುತ್ತೆ."

"ಗಸ್, ಒಂದು ಉಪಕಾರ ಮಾಡು. ನಾಳೆ ಪರೀಕ್ಷೆ ಬರೆಯೋರಿಗೆಲ್ಲ ಒಂದು ಮೇಲ್ ಹಾಕು. ಮೈನಸ್‌ನಿಂದ ಭಾಗಿಸಿದ್ರೆ ಚಿಹ್ನೆ ತಿರುಗುತ್ತೆ, ಆ ಕಡೆ ಏನೇ ಇರ್ಲಿ ತಿರುಗುತ್ತೆ ಅಂತ."

"ಯಾಕೆ, ಯಾರು ತಿರುಗಿಸ್ಲಿಲ್ಲ?"

"ಅದನ್ನ ಹೇಳೋ ಹಾಗಿಲ್ಲ."

"ಹಂಗಾದ್ರೆ ಒಬ್ಬರಾದ್ರೂ ತಿರುಗಿಸಿಲ್ಲ." ಗಸ್ ನಿಟ್ಟುಸಿರು ಬಿಟ್ಟ. "ಐವತ್ತು ಸಲ ಹೇಳಿದ್ದೀನಿ ಕಣೇ. ಬೋರ್ಡ್ ಮೇಲೆ ಮೊಸಳೆ ಚಿತ್ರ ಬರೆದು ಹೇಳಿದ್ದೀನಿ, ನನ್ನ ಮೊಸಳೆ ಹಲ್ಲಿ ಥರ ಇದೆ ಅಂತ ನಗಾಡಿದ್ರು. ಆಯ್ತು, ಹಾಕ್ತೀನಿ. ಓದ್ತಾರೆ ಅಂತ ಮಾತ್ರ ಆಸೆ ಇಟ್ಕೋಬೇಡ. ನಾನು ಮೇಲ್ ಹಾಕೋದು ಬಾವಿಗೆ ಕಲ್ಲು ಹಾಕಿದ ಹಾಗೆ, ಸದ್ದು ಕೂಡ ಬರಲ್ಲ."

ಗಸ್ ಮೇಲ್ ಹಾಕಿದ. ಅದರ ಪ್ರತಿ ನೋರೀನಳಿಗೂ ಬಂತು. ಅದನ್ನು ಓದಿ ಅವಳಿಗೆ ಅರ್ಧ ತಾಸು ನೆಮ್ಮದಿ, ಆಮೇಲೆ ಮತ್ತೆ ಶುರು. ಮೇಲ್ ಓದಿದರೂ ರೋಂಡಾ ಏನೆಂದುಕೊಂಡಾಳು? 'ಇದು ಬೇರೆ ಥರದ ಲೆಕ್ಕಕ್ಕೆ, ನನ್ನದಕ್ಕಲ್ಲ' ಎಂದುಕೊಂಡಾಳು. ಔಷಧಿಯ ಲೆಕ್ಕಕ್ಕೆ ಮೇಲ್ ಇಲ್ಲ. ಉಳಿದೆರಡಕ್ಕೂ ಇಲ್ಲ. ಕೆಡಿಸಲಿಕ್ಕೆ ಒಂದು ಪ್ರಶ್ನೆ ಸಾಕಾಗಿತ್ತು, ಸರಿಪಡಿಸಲಿಕ್ಕೆ ಎಷ್ಟು ಮೇಲ್ ಬೇಕೋ.

ಗುರುವಾರ ಬೆಳಿಗ್ಗೆ ಎಂಟೂ ಕಾಲಿಗೆ ಅವಳು ಕಾಲೇಜಿನ ಪಾರ್ಕಿಂಗ್ ಜಾಗದಲ್ಲಿದ್ದಳು. ಹೇಳಬೇಕೆಂದು ಬಂದವಳಲ್ಲ. ರೋಂಡಾಳ ಮುಖ ನೋಡಿ ಹೋಗೋಣ, ಅವಳು ಧೈರ್ಯವಾಗಿದ್ದರೆ ಸುಮ್ಮನಿದ್ದುಬಿಡೋಣ ಎಂದು ತನಗೆ ತಾನೇ ಹೇಳಿಕೊಂಡು ಬಂದಿದ್ದಳು. ಮೇ ತಿಂಗಳ ಕಾಡುಬಾತುಗಳು ಮರಿಗಳ ಸಮೇತ ಹುಲ್ಲಿನ ಮೇಲೆಲ್ಲ ಹೇತು, ನಡೆಯುವವರನ್ನು ಕಂಡು ಬುಸ್ಸೆನ್ನುತ್ತಿದ್ದವು. ಎಂಟೂವರೆಗೆ ರೋಂಡಾಳ ಹಳೆಯ ಕಾರು ಬಂತು. ಅವಳು ಇಳಿಯಲಿಲ್ಲ. ಒಳಗೇ ಕೂತು ತುಟಿ ಅಲ್ಲಾಡಿಸುತ್ತಿದ್ದಳು.

ನೋರೀನ್ ಹತ್ತಿರ ಹೋದಳು. ಸ್ಟೀರಿಂಗಿನ ನಡುಮಧ್ಯೆ ಒಂದು ರಟ್ಟಿನ ಚೀಟಿ ಅಂಟಿಸಿತ್ತು. ಅದರ ಮೇಲೆ ಕೆಂಪು ಶಾಯಿಯಲ್ಲಿ ದಪ್ಪಗೆ: 'ಪ್ಲಸ್ ಇದ್ದರೆ ಮೊಸಳೆ ತಿರುಗಲ್ಲ.' ಕೆಳಗೆ ಇನ್ನೂ ಮೂರು ಸಾಲು. ನಾಲ್ಕೂ ಸಾಲು ತಪ್ಪು. ಮಂಗಳವಾರ ಆ ಕೋಣೆಯಲ್ಲಿ ಹುಟ್ಟಿದ ತಪ್ಪುಗಳು ಇಲ್ಲಿ ಮುತ್ತಿನಂಥ ಅಕ್ಷರದಲ್ಲಿ ಕೂತಿದ್ದವು.

ಇನ್ನು ತಡೆಯಲಾಗಲಿಲ್ಲ. ಹಾಳಾಗಿ ಹೋಗಲಿ ಪ್ರಬಂಧ ಎಂದು ನೋರೀನ್ ಗಾಜಿನ ಮೇಲೆ ಬೆರಳಿನಿಂದ ತಟ್ಟಿದಳು.

"ಮಿಸ್?" ರೋಂಡಾ ಗಾಜು ಇಳಿಸಿದಳು.

"ರೋಂಡಾ, ಆ ಚೀಟಿ ಕಿತ್ತು ಹಾಕಿ. ಮಂಗಳವಾರ ನೀವು ಮೊದಲು ಬರೆದಿದ್ರಲ್ಲ, ಆ ನಾಲ್ಕು ಉತ್ತರವೂ ಸರಿ ಇತ್ತು. ಆಮೇಲೆ ಬದಲಾಯಿಸಿದ್ದೇ ತಪ್ಪು."

ರೋಂಡಾ ಅವಳನ್ನೇ ನೋಡಿದಳು. ಚೀಟಿಯನ್ನು ನೋಡಿದಳು. ಮತ್ತೆ ಅವಳನ್ನು ನೋಡಿದಳು.

"ಸರಿ ಇದ್ರೆ ಯಾಕೆ ಕೇಳಿದ್ರಿ?"

"ಎಲ್ಲರನ್ನೂ ಕೇಳ್ಬೇಕು, ಅದು ನಿಯಮ. ಸರಿ ಇದ್ರೂ ಕೇಳ್ಬೇಕು, ತಪ್ಪಿದ್ರೂ ಕೇಳ್ಬೇಕು."

"ಸರಿ ಮಾಡಿದೋರನ್ನ ಯಾರಾದ್ರೂ ಹಂಗೆ ಕೇಳ್ತಾರಾ ಮಿಸ್? ನಾನು ಒಂದನೇ ಕ್ಲಾಸಿಂದ ನೋಡಿದ್ದೀನಿ. ಸರಿ ಇದ್ರೆ ಸರಿ ಅಂದು ಮುಂದೆ ಹೋಗ್ತಾರೆ. ಹೇಗೆ ಗೊತ್ತಾಯ್ತು ಅಂದ್ರೆ ಎಡವಟ್ಟಾಯ್ತು ಅಂತ ಅರ್ಥ."

ಇರುವುದು ಹಾಗೆಯೇ. ಮೇಷ್ಟರುಗಳೆಲ್ಲ ಸರಿಯುತ್ತರಕ್ಕೆ ತಲೆದೂಗಿ ಮುಂದಿನ ಬೆಂಚಿಗೆ ಹೋಗುತ್ತಾರೆ, ತಪ್ಪುತ್ತರದ ಎದುರಲ್ಲಿ ಮಾತ್ರ ನಿಂತು ಮೆತ್ತಗೆ ವಿಚಾರಿಸುತ್ತಾರೆ, ಆ ಮೆತ್ತಗಿನ ದನಿಯೇ ಚಾಟಿ ಎಂದು ಅವರಿಗೆ ಗೊತ್ತಿಲ್ಲ. ನೋರೀನ್ ಕೂಡ ಹತ್ತೊಂಬತ್ತು ವರ್ಷ ಅದನ್ನೇ ಮಾಡಿದ್ದಳು. ದೊಡ್ಡ ದೊಡ್ಡ ಪದವಿಯವರು ಸೇರಿ ಆ ಪ್ರಶ್ನೆಯನ್ನು ಆರಿಸಿದ್ದರು, ಅವರಲ್ಲಿ ಒಬ್ಬರಿಗಾದರೂ ಇದು ಹೊಳೆದಿರಲಿಲ್ಲ. ವೃದ್ಧಾಶ್ರಮದ ಆಯಾಗೆ ಗೊತ್ತಿತ್ತು.

"ಎರಡು ದಿನ ಕೂತು ತಪ್ಪನ್ನೇ ಉರು ಹೊಡೆದಿದ್ದೀನಿ," ಎಂದಳು ರೋಂಡಾ. ಅವಳ ದನಿ ಏರಲಿಲ್ಲ, ಅದು ಇನ್ನೂ ಹೆದರಿಕೆಯಾಗುವಂತಿತ್ತು. "ಇನ್ನು ಅರ್ಧ ಗಂಟೆ ಇದೆ. ನಾನೀಗ ಇವತ್ತಿನ ನಿಮ್ಮನ್ನ ನಂಬ್ಲಾ, ಮಂಗಳವಾರದ ನಿಮ್ಮನ್ನ ನಂಬ್ಲಾ?"

"ಇವತ್ತಿನ ನನ್ನನ್ನ. ದಯವಿಟ್ಟು."

ರೋಂಡಾ ಕಾರಿನಿಂದ ಇಳಿದಳು, ಬಾಗಿಲು ಹಾಕಿದಳು, ಬಾತುಗಳ ನಡುವೆ ದಾರಿ ಮಾಡಿಕೊಂಡು ಕಟ್ಟಡದ ಕಡೆ ನಡೆದಳು. ಚೀಟಿ ಸ್ಟೀರಿಂಗಿನ ಮೇಲೆ ಹಾಗೇ ಇತ್ತು.

ಪರೀಕ್ಷೆ ಕಂಪ್ಯೂಟರ್ ಕೋಣೆಯಲ್ಲಿ, ಒಂಬತ್ತರಿಂದ ಹನ್ನೊಂದರವರೆಗೆ. ಉತ್ತರವೆಲ್ಲ ಒತ್ತಿ ಕಳಿಸಿದ ಕೂಡಲೇ ಅಂಕ ಪರದೆ ಮೇಲೆ ಬರುತ್ತದೆ. ಪಾಸಾಗಲು ರೋಂಡಾಳಿಗೆ ಎಪ್ಪತ್ತು ಬೇಕು. ನೋರೀನ್ ಹೊರಗೆ ಮೊಗಸಾಲೆಯ ಬೆಂಚಿನ ಮೇಲೆ ಕೂತಳು, ಎದ್ದಳು, ಯಂತ್ರದಿಂದ ಕಾಫಿ ತೆಗೆದುಕೊಂಡಳು, ಕುಡಿಯದೆ ಚೆಲ್ಲಿದಳು. ಹೇಳಬಾರದಿತ್ತೇನೋ ಎಂದು ಈಗ ಹೊಸ ಭಯ. ರೋಂಡಾ ತಪ್ಪೋ ಸರಿಯೋ ಒಂದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು, ಅರ್ಧ ಗಂಟೆ ಮುಂಚೆ ಹೋಗಿ ಅದನ್ನೂ ಕಿತ್ತುಕೊಂಡೆನಲ್ಲ. ಆ ನಾಲ್ಕು ಹೋಗಲಿ, ಮಿಕ್ಕ ಇಪ್ಪತ್ತೊಂದು ಪ್ರಶ್ನೆಗಳನ್ನು ಅವಳು ಯಾವ ತಲೆ ಇಟ್ಟುಕೊಂಡು ಬರೆದಾಳು? ಮಾಡದಿದ್ದರೆ ಪಾಪ, ಮಾಡಿದರೆ ಮಹಾಪಾಪ ಎನ್ನುವ ಹಾಗಾಯಿತು.

ಹತ್ತು ಗಂಟೆಗೆ ಎರಿಕ್‌ಗೆ ಸಂದೇಶ ಕಳಿಸಿದಳು: 'ನಾನು ಆಕೆಗೆ ಹೇಳಿದೆ.' ನಿಮಿಷದೊಳಗೆ ಉತ್ತರ: 'ಫೋನ್ ಮಾಡಿ.' ಮಾಡಲಿಲ್ಲ.

ಹತ್ತೂ ಕಾಲಿಗೆ ಮೊದಲಿನವರು ಹೊರಗೆ ಬಂದರು. ಹತ್ತೂ ಮುಕ್ಕಾಲಿಗೆ ಬಹುತೇಕ ಎಲ್ಲರೂ ಬಂದಾಗಿತ್ತು. ಗಸ್ ಬಾಗಿಲಲ್ಲಿ ತಲೆ ಹಾಕಿ, "ನೀನೇನೇ ಇಲ್ಲಿ, ಹೆರಿಗೆ ವಾರ್ಡಿನ ಗಂಡನ ಥರ ಓಡಾಡ್ತಿದ್ದೀಯ?" ಎಂದ.

"ಇನ್ನೂ ಎಷ್ಟು ಜನ ಇದ್ದಾರೆ?"

"ಒಬ್ಬರೇ," ಎಂದು ಒಳಗೆ ಹೋದ.

ಹನ್ನೊಂದಕ್ಕೆ ಸರಿಯಾಗಿ ರೋಂಡಾ ಬಂದಳು. ಬೆವರಿದ್ದಳು. ಮುಖ ನೋಡಿ ಏನೂ ಹೇಳುವಂತಿರಲಿಲ್ಲ. ಬೆಂಚಿನ ಹತ್ತಿರ ಬಂದು, ನೋರೀನಳ ಪಕ್ಕದಲ್ಲಿ ಕೂತು, ಚಪ್ಪಲಿಯಿಂದ ಹಿಮ್ಮಡಿ ಬಿಡಿಸಿಕೊಂಡಳು.

"ಎಪ್ಪತ್ತೆರಡು," ಎಂದಳು.

ನೋರೀನಳ ಕಣ್ಣು ತುಂಬಿ ಬಂತು.

"ಎರಡು ಲೆಕ್ಕ ಮುಟ್ಟಲೇ ಇಲ್ಲ, ಹೊತ್ತೇ ಸಾಲಲಿಲ್ಲ," ಎಂದಳು ರೋಂಡಾ. "ನಿಮ್ಮಿಬ್ಬರಲ್ಲಿ ಯಾರನ್ನೂ ನಂಬಲಿಲ್ಲ ಮಿಸ್. ಮಂಗಳವಾರದವರನ್ನೂ ಇಲ್ಲ, ಇವತ್ತಿನವರನ್ನೂ ಇಲ್ಲ. ಮೊಸಳೆ ಲೆಕ್ಕ ಬಂತು. ಎರಡೂ ಥರ ಬರೆದು, ಎಕ್ಸ್ ಇರೋ ಜಾಗಕ್ಕೆ ಸೊನ್ನೆ ಹಾಕಿ ನೋಡಿದೆ. ಒಂದಕ್ಕೆ ಹೊಂದಿತು, ಒಂದಕ್ಕೆ ಹೊಂದಲಿಲ್ಲ. ಆಮೇಲೆ ಪ್ರತಿಯೊಂದಕ್ಕೂ ಹಂಗೇ ಹಾಕಿ ಹಾಕಿ ನೋಡಿದೆ. ಅದಕ್ಕೇ ಇಷ್ಟೊತ್ತಾಯ್ತು."

"ದೇವರು ದೊಡ್ಡವನು," ಎಂದಳು ನೋರೀನ್, ಮೂಗು ಒರೆಸಿಕೊಳ್ಳುತ್ತ. "ನನ್ನಿಂದ ನಿಮಗೆ ಕೇಡಾಗ್ಲಿಲ್ಲವಲ್ಲ. ಅಷ್ಟು ಸಾಕು ನನಗೆ."

ರೋಂಡಾ ತನ್ನ ಕೈಗಳನ್ನು ನೋಡಿಕೊಂಡಳು.

"ಈ ಸಲ ಆಗ್ಲಿಲ್ಲ," ಎಂದಳು.

ನೋರೀನ್ ಅರ್ಥವಾಗದೆ ನೋಡಿದಳು.

"ನಿಮಗೆ ನೆನಪಿಲ್ಲ ಅಂತ ಮಂಗಳವಾರವೇ ಗೊತ್ತಾಯ್ತು. ಇರ್ಲಿ ಬಿಡಿ, ಎಷ್ಟು ಜನ ಬಂದು ಹೋಗ್ತಾರೆ. ಆಗ ನನ್ನ ಹೆಸರು ರೋಂಡಾ ಸ್ಟ್ರಿಕ್ಲರ್. ಹದಿನಾಲ್ಕು ವರ್ಷ ಆಯ್ತು. ಸಂಜೆ ಕ್ಲಾಸು, ಮಗಳಿಗೆ ಆಗ ಎರಡು ವರ್ಷ, ನಮ್ಮಮ್ಮನ ಹತ್ರ ಬಿಟ್ಟು ಬರ್ತಿದ್ದೆ. ಐದನೇ ವಾರದಲ್ಲಿ ನೀವು ನನ್ನ ಬೋರ್ಡಿಗೆ ಕರೆದ್ರಿ. ಹೋಗಿ ಬರೆದೆ. ನೀವು ಹಿಂದೆ ನಿಂತ್ಕೊಂಡು, ರೋಂಡಾ, ಅದು ಹೇಗೆ ಗೊತ್ತಾಯ್ತು ಅಂದ್ರಿ. ಎಲ್ಲರ ಎದುರು ಅಳಿಸ್ಬಿಟ್ಟೆ. ಪರ್ವಾಗಿಲ್ಲ ಕೂತ್ಕ ಅಂದು ಇನ್ನೊಬ್ಬನ್ನ ಕರೆದ್ರಿ. ಅವನು ಬಂದು ನಾನು ಅಳಿಸಿದ್ದನ್ನೇ ಬರೆದ. ನೀವು ಸರಿ ಅಂದ್ರಿ, ಮುಂದಿನ ಲೆಕ್ಕಕ್ಕೆ ಹೋದ್ರಿ."

ಮೊಗಸಾಲೆಯಲ್ಲಿ ಯಾರೋ ಯಂತ್ರಕ್ಕೆ ಕಾಸು ಹಾಕಿ ಗುದ್ದುತ್ತಿದ್ದರು.

"ಅವತ್ತು ಮನೆಗೆ ಹೋದವಳು ಮತ್ತೆ ಬರಲಿಲ್ಲ. ಎರಡನೇ ಸಲ ಈ ಬಾಗಿಲು ದಾಟೋಕೆ ಹನ್ನೊಂದು ವರ್ಷ ಹಿಡೀತು. ನೀವು ಬೈಯಲಿಲ್ಲ ಮಿಸ್. ಬೈದಿದ್ರೆ ಜಗಳ ಆಡಿಯಾದ್ರೂ ಇರ್ತಿದ್ದೆ." ರೋಂಡಾ ಎದ್ದು ಯೂನಿಫಾರಂ ಕೊಡವಿಕೊಂಡಳು. "ಆಗಸ್ಟ್‌ನಲ್ಲಿ ನರ್ಸಿಂಗ್ ಶುರು. ಮಗಳಿಗೂ ಈ ವರ್ಷ ಹದಿನಾರು, ಇಬ್ಬರೂ ಒಟ್ಟಿಗೆ ಓದ್ಕೋತೀವಿ. ನನ್ನ ಪಾಳಿ ಹನ್ನೆರಡಕ್ಕೆ, ಬರ್ಲಾ?"

ಅವಳು ಹೋದಳು. ಬೆಂಚಿನ ಮೇಲಿದ್ದ ಫೋನು ಮತ್ತೆ ಮತ್ತೆ ನಡುಗಿತು, ಎರಿಕ್‌ನದು. ನೋರೀನ್ ಅದನ್ನು ಮುಟ್ಟಲಿಲ್ಲ. ಅವತ್ತು ತಾನು ಯಾಕೆ ಕೇಳಿದೆ ಎಂದು ಯೋಚಿಸುತ್ತಿದ್ದಳು. ಸುಮ್ಮನೆ ತಿಳಿಯಲಿಕ್ಕೆ ಕೇಳಿದ್ದೇ? ಅಥವಾ ಕೆಲಸದ ಬಟ್ಟೆಯಲ್ಲೇ ಓಡಿ ಬರುವ ಆ ಹುಡುಗಿಗೆ ಇದು ಬಂದಿರಲಿಕ್ಕಿಲ್ಲ ಎಂದುಕೊಂಡು, ಬೋರ್ಡನ್ನು ಸರಿಯಾಗಿ ನೋಡದೆಯೇ ಕೇಳಿದ್ದೇ? ಸಂಜೆಯ ಕ್ಲಾಸು, ಟ್ಯೂಬ್‌ಲೈಟು, ಬೋರ್ಡಿನ ಎದುರು ಡಸ್ಟರ್ ಹಿಡಿದು ನಿಂತ ಮೂವತ್ತೊಂದು ವರ್ಷದ ಹೆಂಗಸು. ಕಣ್ಣು ಮುಚ್ಚಿ ಆ ಮುಖವನ್ನು ಹುಡುಕಿದಳು. ಎಷ್ಟು ಹುಡುಕಿದರೂ ನೆನಪಾಗಲಿಲ್ಲ.